ಕ್ರಯಪತ್ರದ ಕೊನೆಯಲ್ಲಿ ಸಿಕ್ಕ ತವರುಮನೆ: ಫ್ಯಾಮಿಲಿಸರ್ಚ್ ತಾಣದ ವಿಮರ್ಶೆ

ನನ್ನ ಸೊಸೆ ಅಮೆರಿಕದ ಮಸಾಚುಸೆಟ್ಸ್ ರಾಜ್ಯದವಳು. ಅವಳ ತಾಯಿಯ ಕಡೆಯವರು ಹಲವು ತಲೆಮಾರು ಬಾಸ್ಟನ್ನಿನ ಉತ್ತರಕ್ಕಿರುವ ಎಸೆಕ್ಸ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂತಹ ವಿಭಾಗ), ಇಪ್ಸ್‌ವಿಚ್ ಎಂಬ ಹಳೆಯ ಊರಿನ ಆಸುಪಾಸಿನಲ್ಲಿ, ಬೇಸಾಯ ಮಾಡಿಕೊಂಡಿದ್ದರು. ಮೊಮ್ಮಗಳು ಹುಟ್ಟಿದ ಮೇಲೆ ಅವಳ ಎರಡೂ ಕಡೆಯ ವಂಶಾವಳಿಯನ್ನು ಬರೆದಿಡಬೇಕೆಂದು ನಾನು ಕುಳಿತೆ. ನಮ್ಮ ಕಡೆಯದು ಹಿರಿಯರ ನೆನಪಿಗೆ ನಿಲುಕಿದಷ್ಟು ದೂರ ಹೋಗಿ ನಿಂತಿತು. ಸೊಸೆಯ ಕಡೆಯದು ಕಾಗದಪತ್ರಗಳ ಆಧಾರದಿಂದ ಸಲೀಸಾಗಿ ಹಿಂದಕ್ಕೆ ಸಾಗಿ, 18ನೆಯ ಶತಮಾನದ ಮೊದಲ ಭಾಗದಲ್ಲಿ ಒಬ್ಬ ಹೆಣ್ಣುಮಗಳ ಬಳಿ ತಡೆಯಿತು. ಆಕೆಯ ಗಂಡ ಯಾರು, ಮಕ್ಕಳೆಷ್ಟು, ಯಾವ ವರ್ಷ ತೀರಿಕೊಂಡಳು ಎಂಬುದೆಲ್ಲ ಗೊತ್ತಿತ್ತು; ಯಾರ ಮಗಳು ಎಂಬುದೊಂದು ಗೊತ್ತಿರಲಿಲ್ಲ. ಈ ಪ್ರಶ್ನೆಯ ಬೆನ್ನು ಹತ್ತಿ ಎಂಟು ತಿಂಗಳ ಕಾಲ ಫ್ಯಾಮಿಲಿಸರ್ಚ್ ಎಂಬ ಉಚಿತ ತಾಣವನ್ನು ಹೆಚ್ಚುಕಡಿಮೆ ದಿನವೂ ಬಳಸಿದ್ದೇನೆ. ಅಮೆರಿಕದ ಮನೆತನಗಳೊಂದಿಗೆ ನಂಟು ಬೆಳೆಸಿರುವ ಕನ್ನಡಿಗರ ಕುಟುಂಬಗಳು ಈಗ ಹಲವು ಇರುವುದರಿಂದ, ಆ ಬಳಕೆಯಿಂದ ನಾನು ಕಂಡುಕೊಂಡದ್ದನ್ನು ಸ್ವಲ್ಪ ವಿವರವಾಗಿಯೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಈ ತಾಣಕ್ಕೆ ಹೋದವರ ಕಣ್ಣಿಗೆ ಮೊದಲು ಬೀಳುವುದು ಎಲ್ಲರೂ ಕೂಡಿ ಕಟ್ಟುವ ಬೃಹತ್ ವಂಶವೃಕ್ಷ. ಆದರೆ ಆರಂಭಕಾಲದ ಅಮೆರಿಕದ ವಿಷಯದಲ್ಲಿ ಇದರ ನಿಜವಾದ ಸಂಪತ್ತು ಇರುವುದು ಕೌಂಟಿ ಕಚೇರಿಗಳ ಕ್ರಯಪತ್ರ, ಉಯಿಲು, ಪಾಲುಪತ್ರಗಳ ಪುಟಪುಟದ ಚಿತ್ರಗಳಲ್ಲಿ. ವಂಶವೃಕ್ಷವನ್ನು ಸುಳಿವೆಂದು ಮಾತ್ರ ತಿಳಿದು, ಪುಟಗಳನ್ನು ತಾವೇ ಓದುವ ತಾಳ್ಮೆ ಇರುವವರಿಗೆ ಇದಕ್ಕೆ ಸಮನಾದ ಇನ್ನೊಂದು ಉಚಿತ ಸೇವೆಯನ್ನು ನಾನು ಕಂಡಿಲ್ಲ.

ತಾಣವನ್ನು ನಡೆಸುತ್ತಿರುವುದು ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿ ಕೇಂದ್ರವಿರುವ, ಸಾಮಾನ್ಯವಾಗಿ ಮಾರ್ಮನ್ ಎಂದು ಕರೆಯಲಾಗುವ ಕ್ರೈಸ್ತ ಸಭೆ. ಗತಿಸಿದ ಪೂರ್ವಜರ ಪರವಾಗಿ ದೀಕ್ಷಾಸ್ನಾನ ಮೊದಲಾದ ವಿಧಿಗಳನ್ನು ನಡೆಸುವುದು ಆ ಸಭೆಯ ನಂಬಿಕೆಯ ಭಾಗವಾಗಿದ್ದು, ಪೂರ್ವಜರ ಹೆಸರುಗಳನ್ನು ಶ್ರದ್ಧೆಯಿಂದ ಹುಡುಕುವ ಅಭ್ಯಾಸ ಅಲ್ಲಿಂದಲೇ ಬಂದಿದೆ. 1894ರಲ್ಲಿ ಅದಕ್ಕಾಗಿ ಒಂದು ಸಂಘ ಸ್ಥಾಪನೆಯಾಯಿತು. 1938ರಲ್ಲಿ ಊರೂರಿನ ದಾಖಲೆಗಳನ್ನು ಮೈಕ್ರೋಫಿಲ್ಮ್‌ನಲ್ಲಿ ಸೆರೆಹಿಡಿಯುವ ಕೆಲಸ ಆರಂಭವಾಯಿತು. ಸಾಲ್ಟ್ ಲೇಕ್ ಸಿಟಿಯ ಹತ್ತಿರ ಗ್ರಾನೈಟ್ ಬೆಟ್ಟವೊಂದನ್ನು ಕೊರೆದು 1960ರ ದಶಕದಲ್ಲಿ ಕಟ್ಟಿದ ಭಂಡಾರದಲ್ಲಿ ಸುಮಾರು 24 ಲಕ್ಷ ಸುರುಳಿಗಳು ಕೂಡಿಬಂದವು, ಮತ್ತು ಅವುಗಳನ್ನು ಗಣಕಕ್ಕೆ ಇಳಿಸುವ ಕಾರ್ಯ 2021ರಲ್ಲಿ ಮುಗಿಯಿತು. ತಾಣವನ್ನು ಬಳಸಲು ಆ ಸಭೆಯ ಸದಸ್ಯರಾಗಬೇಕಿಲ್ಲ, ಹಣ ಕೊಡಬೇಕಿಲ್ಲ. ಒಂದು ಖಾತೆ ತೆರೆದರೆ ಸಾಕು. ಈ ಹಿನ್ನೆಲೆಯನ್ನು ಓದುಗರು ತಿಳಿದುಕೊಂಡೇ ಒಳಗೆ ಹೋಗುವುದು ಒಳ್ಳೆಯದೆಂದು ಹೇಳಿದೆನೇ ಹೊರತು ಅದರಲ್ಲಿ ನನಗೆ ಯಾವ ತಕರಾರೂ ಇಲ್ಲ.

ಆರಂಭಕಾಲದ ಅಮೆರಿಕದಲ್ಲಿ ಒಬ್ಬ ವ್ಯಕ್ತಿಯನ್ನು ಹುಡುಕುವುದೆಂದರೆ ಏನೆಂಬುದನ್ನು ತಿಳಿಯದೆ ಈ ತಾಣದ ಬೆಲೆ ತಿಳಿಯುವುದಿಲ್ಲ. ದೇಶವೇ ಇಲ್ಲದ ಕಾಲದಲ್ಲಿ ದೇಶಕ್ಕೆಲ್ಲ ಒಂದೇ ದಫ್ತರವಿರುವುದು ಸಾಧ್ಯವಿರಲಿಲ್ಲ. ಮಸಾಚುಸೆಟ್ಸ್ ಸೇರಿದ, ಈಶಾನ್ಯದ ನ್ಯೂ ಇಂಗ್ಲೆಂಡ್ ಪ್ರಾಂತದಲ್ಲಿ ಊರಿನ ಗುಮಾಸ್ತನೇ ಜನನ, ವಿವಾಹ, ಮರಣಗಳನ್ನು ಬರೆದಿಡುತ್ತಿದ್ದ. ಮಸಾಚುಸೆಟ್ಸ್ ವಸಾಹತು 1639ರಷ್ಟು ಹಿಂದೆಯೇ ಇದನ್ನು ಆಜ್ಞಾಪಿಸಿತ್ತು. ದಕ್ಷಿಣದ ವರ್ಜೀನಿಯಾದಲ್ಲಿ ಈ ಕೆಲಸ ಚರ್ಚಿನ ಪಾದ್ರಿಗಳ ಪಾಲಿಗೆ ಬಿತ್ತು. ಜಮೀನು ಮತ್ತು ವ್ಯಾಜ್ಯದ ಕಾಗದಗಳು ಕೌಂಟಿ ನ್ಯಾಯಾಲಯದಲ್ಲಿ ಉಳಿದವು. ಅಂತರ್ಯುದ್ಧದ ಸಮಯದಲ್ಲಿ ವರ್ಜೀನಿಯಾದ ಹಲವು ಕೌಂಟಿಗಳು ತಮ್ಮ ದಫ್ತರಗಳನ್ನು ಕಾಪಾಡುವ ಉದ್ದೇಶದಿಂದ ರಿಚ್ಮಂಡ್ ನಗರಕ್ಕೆ ಸಾಗಿಸಿದವು, ಮತ್ತು 1865ರ ಏಪ್ರಿಲ್‌ನಲ್ಲಿ ಆ ನಗರವನ್ನು ತೆರವು ಮಾಡುವಾಗ ಎದ್ದ ಬೆಂಕಿಯಲ್ಲಿ ಅವು ಸುಟ್ಟುಹೋದವು. ಅಲ್ಲಿನ ಸಂಶೋಧಕರು ‘ಸುಟ್ಟ ಕೌಂಟಿ’ ಎಂಬ ಮಾತನ್ನು ಇಂದಿಗೂ ನಿಟ್ಟುಸಿರಿನೊಂದಿಗೆ ಆಡುತ್ತಾರೆ. ಜನಗಣತಿಯನ್ನು ನಂಬಿಕೊಳ್ಳೋಣವೆಂದರೆ ಮೊದಲ ಗಣತಿ ನಡೆದದ್ದೇ 1790ರಲ್ಲಿ, ಅದರಲ್ಲಿ ಮನೆಯ ಯಜಮಾನನ ಹೆಸರು ಬಿಟ್ಟರೆ ಉಳಿದವರೆಲ್ಲ ಬರಿಯ ಅಂಕಿಗಳು. ಮನೆಯಲ್ಲಿದ್ದ ಸ್ವತಂತ್ರ ವ್ಯಕ್ತಿಗಳೆಲ್ಲರ ಹೆಸರು ಗಣತಿಯಲ್ಲಿ ಬಂದದ್ದು 1850ರಲ್ಲಿ.

ಇಂಥ ವ್ಯವಸ್ಥೆಯಲ್ಲಿ ಎಲ್ಲರಿಗಿಂತ ಹೆಚ್ಚು ಕಳೆದುಹೋಗುವವರು ಹೆಂಗಸರು. ಮದುವೆಯಾದೊಡನೆ ಹೆಂಗಸಿನ ಕುಲನಾಮ ಬದಲಾಗುತ್ತದೆ. ಮದುವೆಯ ದಾಖಲೆ ಸಿಗದಿದ್ದರೆ ಮುಂದಿನ ಐವತ್ತು ವರ್ಷ ಆಕೆ ಮೊದಲ ಹೆಸರಿನ ಹೊರತು ಬೇರೆ ಗುರುತಿಲ್ಲದೆ ಬದುಕಿ ಸಾಯುತ್ತಾಳೆ. ನಾನು ಹುಡುಕುತ್ತಿದ್ದ ಹೆಣ್ಣುಮಗಳದ್ದೂ ಅದೇ ಸ್ಥಿತಿ. ಮಸಾಚುಸೆಟ್ಸ್ ಸರ್ಕಾರ 1902ರ ಕಾನೂನಿನ ಮೂಲಕ, ಊರುಗಳ 1850ರವರೆಗಿನ ಜನನ ಮರಣ ವಿವಾಹ ಪುಸ್ತಕಗಳ ಮುದ್ರಣಕ್ಕೆ ಪ್ರೋತ್ಸಾಹ ಕೊಟ್ಟಿತ್ತು. ಅಕಾರಾದಿಯಲ್ಲಿ ಜೋಡಿಸಿದ ಆ ಮುದ್ರಿತ ಸಂಪುಟಗಳು ಬಹಳ ಉಪಯುಕ್ತವೇ ಆದರೂ, ಹಾಗೆ ಜೋಡಿಸುವಾಗ ಮೂಲ ಪುಸ್ತಕದಲ್ಲಿ ಒಂದೇ ಪುಟದಲ್ಲಿ ಒಟ್ಟಿಗೆ ಕುಳಿತಿದ್ದ ಕುಟುಂಬ ಚೆಲ್ಲಾಪಿಲ್ಲಿಯಾಗಿದೆ. ಅದಕ್ಕಾಗಿ ನಾನು ಫ್ಯಾಮಿಲಿಸರ್ಚ್‌ನಲ್ಲಿ ಊರ ಗುಮಾಸ್ತರ ಮೂಲ ಪುಸ್ತಕಗಳ ಚಿತ್ರಗಳನ್ನೇ ತೆರೆದು ನೋಡಿದೆ. ಆಕೆಯ ಮಕ್ಕಳ ಜನನ ಸಾಲಾಗಿ ಸಿಕ್ಕಿತು, ಮದುವೆ ಸಿಗಲಿಲ್ಲ. ನೆರೆಯ ಊರುಗಳ ಪುಸ್ತಕಗಳಲ್ಲೂ ಸಿಗಲಿಲ್ಲ.

ಆಗ ಜಮೀನಿನ ದಾಖಲೆಗಳತ್ತ ತಿರುಗಿದೆ, ಮತ್ತು ಈ ವಿಮರ್ಶೆಯಲ್ಲಿ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಈ ಭಾಗವನ್ನೇ. ತಾಣದಲ್ಲಿ ಮಸಾಚುಸೆಟ್ಸ್ ಜಮೀನು ದಾಖಲೆಗಳು, 1620ರಿಂದ 1986ರವರೆಗೆ ಎಂಬ ಸಂಗ್ರಹವಿದೆ. ಒಂದೊಂದು ಕೌಂಟಿಯ ಕೆಳಗೆ ಸಂಪುಟಗಳ ಸಾಲು, ಸಂಪುಟದೊಳಗೆ ನೂರಾರು ಪುಟಗಳ ಚಿತ್ರ. ಮಾರಿದವರ ಸೂಚಿ ಬೇರೆ, ಕೊಂಡವರ ಸೂಚಿ ಬೇರೆ. ಸೂಚಿಯಲ್ಲಿ ಸಂಪುಟ ಮತ್ತು ಪುಟದ ಸಂಖ್ಯೆ ಹಿಡಿದು ಚಿತ್ರಕ್ಕೆ ಹೋಗಬೇಕು. ನಮ್ಮಲ್ಲಿ ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಋಣಭಾರ ಪತ್ರಕ್ಕಾಗಿ ಹಳೆಯ ಪುಸ್ತಕಗಳನ್ನು ತೆಗೆಸಿದ ಅನುಭವವಿದ್ದವರಿಗೆ ಈ ಕ್ರಮ ಕೂಡಲೇ ಅರ್ಥವಾಗುತ್ತದೆ. ಅಲ್ಲಿನ ಪತ್ರಗಳಲ್ಲಿಯೂ ಚಕ್ಕುಬಂದಿಯೇ ಜೀವಾಳ. ‘ಗುರುತು ಹಾಕಿದ ಬಿಳಿ ಓಕ್ ಮರದಿಂದ ಹೊರಟು, ಇಂಥವನ ಜಮೀನಿನ ಬದಿಯಲ್ಲಿ ಇಷ್ಟು ರಾಡ್ ಸಾಗಿ, ಕಲ್ಲುಗುಪ್ಪೆಯನ್ನು ಮುಟ್ಟಿ’ ಎಂಬಂತಹ ವರ್ಣನೆ ಸಾಮಾನ್ಯ. ಒಂದು ರಾಡ್ ಎಂದರೆ ಹದಿನಾರೂವರೆ ಅಡಿ. 160 ಚದರ ರಾಡ್ ಒಂದು ಎಕರೆ. ಬದಿಯ ಜಮೀನಿನ ಒಡೆಯರ ಹೆಸರುಗಳನ್ನು ಬರೆದುಕೊಳ್ಳುತ್ತ ಹೋದರೆ ಊರಿನ ಒಂದು ನಕ್ಷೆಯೇ ಮನಸ್ಸಿನಲ್ಲಿ ಮೂಡುತ್ತದೆ. ಹಾಗೆ ನೆರೆಹೊರೆಯಲ್ಲಿ ಕಾಣಿಸಿಕೊಳ್ಳುವವರು ಎಷ್ಟೋ ಬಾರಿ ಬೀಗರೂ ಹೌದು, ಏಕೆಂದರೆ ಆ ಕಾಲದಲ್ಲಿ ಹುಡುಗ ಹುಡುಗಿಯರ ಪರಿಚಯವಾಗುತ್ತಿದ್ದದ್ದು ನಡೆದು ಹೋಗುವಷ್ಟು ದೂರದೊಳಗೆ.

ಇಪ್ಸ್‌ವಿಚ್ ಜಮೀನಿನ ಚರಿತ್ರೆ ಇಂಗ್ಲಿಷರಿಂದ ಆರಂಭವಾದದ್ದಲ್ಲ ಎಂಬುದನ್ನೂ ಇಲ್ಲಿ ಹೇಳದೆ ಮುಂದೆ ಹೋಗಲಾರೆ. ಆ ನೆಲ ಅಗವಾಮ್ ಎಂಬ ಹೆಸರಿನಲ್ಲಿ ಅಲ್ಲಿನ ಮೂಲನಿವಾಸಿಗಳದಾಗಿತ್ತು. ಅವರ ನಾಯಕ ಮಾಸ್ಕೊನೊಮೆಟ್ 1638ರಲ್ಲಿ ಅದನ್ನು 20 ಪೌಂಡುಗಳಿಗೆ ಇಂಗ್ಲಿಷ್ ವಲಸಿಗರ ಮುಂದಾಳು ಕಿರಿಯ ಜಾನ್ ವಿಂಥ್ರಪ್‌ಗೆ ಬರೆದುಕೊಟ್ಟ ಪತ್ರವಿದೆ. ಮುಂದಿನ ಸಾವಿರಾರು ಕ್ರಯಪತ್ರಗಳ ಹಿಂದೆ ಆ ಒಂದು ಪತ್ರ ನಿಂತಿದೆ.

ಸೂಚಿ ಹಿಡಿದು ಹುಡುಕುವ ದಾರಿಯಲ್ಲಿ ಒಂದು ದೊಡ್ಡ ತೊಡಕಿದೆ. ಸೂಚಿಯಲ್ಲಿ ಬರುವುದು ಮುಖ್ಯವಾಗಿ ಮಾರಿದವನ ಮತ್ತು ಕೊಂಡವನ ಹೆಸರು; ಪತ್ರದ ನಡುವೆ ಬರುವ ಹೆಂಡತಿ, ಅಕ್ಕತಂಗಿ, ಪಕ್ಕದ ಹೊಲದವನು, ಸಾಕ್ಷಿ ಹಾಕಿದವನು ಇವರಾರೂ ಅಲ್ಲಿ ಸಿಗುವುದಿಲ್ಲ. 2024ರಲ್ಲಿ ಫ್ಯಾಮಿಲಿಸರ್ಚ್ ಪ್ರಾಯೋಗಿಕವಾಗಿ ಆರಂಭಿಸಿದ ಪೂರ್ಣಪಠ್ಯ ಹುಡುಕಾಟ ಈ ತೊಡಕನ್ನು ಬಹುಮಟ್ಟಿಗೆ ನಿವಾರಿಸಿದೆ. ಹಳೆಯ ಕೈಬರಹವನ್ನು ಕೃತಕ ಬುದ್ಧಿಮತ್ತೆಯಿಂದ ಓದಿಸಿ, ಪುಟದಲ್ಲಿರುವ ಪ್ರತಿಯೊಂದು ಪದವನ್ನೂ ಹುಡುಕಲು ಸಾಧ್ಯವಾಗುವಂತೆ ಮಾಡಿದ್ದಾರೆ. ಅಮೆರಿಕದ ಜಮೀನು ಮತ್ತು ಉಯಿಲಿನ ದಾಖಲೆಗಳಿಂದಲೇ ಅವರು ಇದನ್ನು ಆರಂಭಿಸಿದ್ದು ನಮ್ಮಂಥವರ ಭಾಗ್ಯ. ಕಡ್ಡಾಯವಾಗಿ ಇರಬೇಕಾದ ಪದದ ಆರಂಭದಲ್ಲಿ ಕೂಡಿಸುವ ಚಿಹ್ನೆ (+) ಹಾಕಬಹುದು, ಒಟ್ಟಿಗೆ ಬರಬೇಕಾದ ಪದಗಳನ್ನು ಉದ್ಧರಣ ಚಿಹ್ನೆಯೊಳಗೆ ಇಡಬಹುದು, ಕಾಗುಣಿತ ಗೊತ್ತಿಲ್ಲದ ಕಡೆ ನಕ್ಷತ್ರ ಚಿಹ್ನೆ ಬಳಸಬಹುದು, ಬಳಿಕ ಸ್ಥಳ ಮತ್ತು ವರ್ಷದಿಂದ ಸೋಸಬಹುದು.

ನಾನು ಆಕೆಯ ಗಂಡನ ಹೆಸರಿನ ಜೊತೆ ಇಪ್ಸ್‌ವಿಚ್ ಎಂಬ ಊರಿನ ಹೆಸರನ್ನೂ, ‘ಇನ್ ಹರ್ ರೈಟ್’ ಎಂಬ ಮಾತನ್ನೂ ಕೊಟ್ಟು ನೋಡಿದೆ. ಹೆಂಡತಿಗೆ ತವರಿನಿಂದ ಬಂದ ಹಕ್ಕಿನ ಜಮೀನನ್ನು ಗಂಡಹೆಂಡಿರು ಸೇರಿ ಮಾರುವಾಗ ಗುಮಾಸ್ತರು ಬಳಸುತ್ತಿದ್ದ ಮಾತು ಅದು. ಮೊದಲ ದಿನಗಳಲ್ಲಿ ಬಂದ ಫಲಿತಾಂಶಗಳು ಬೇರೆಯವರವು. ಕುಲನಾಮದ ಕಾಗುಣಿತವನ್ನು ನಾಲ್ಕಾರು ರೀತಿ ಬದಲಿಸಿದ ಮೇಲೆ ಒಂದು ಸಂಜೆ ಬೇಕಾದ ಪುಟ ತೆರೆಯಿತು. ತಂದೆ ಉಯಿಲು ಬರೆಯದೆ ತೀರಿಕೊಂಡಿದ್ದ. ಆತನ ವಿಧವೆಗೆ ಜೀವನಾಂಶವಾಗಿ ಮೂರನೆಯ ಒಂದು ಭಾಗ ಜಮೀನನ್ನು ಬಿಟ್ಟುಕೊಟ್ಟಿದ್ದರು. ಆಕೆಯೂ ತೀರಿಕೊಂಡ ಬಳಿಕ ಮಕ್ಕಳೆಲ್ಲ ಸೇರಿ ಆ ಭಾಗವನ್ನು ಹಿರಿಯ ಅಣ್ಣನಿಗೆ ಮಾರಿದ್ದರು. ಮಾರಿದವರ ಸಾಲಿನಲ್ಲಿ ಇಬ್ಬರು ತಮ್ಮಂದಿರು, ಗಂಡನೊಂದಿಗೆ ಒಬ್ಬ ಅಕ್ಕ, ಕೊನೆಯಲ್ಲಿ ಗಂಡನೊಂದಿಗೆ ನಾನು ಹುಡುಕುತ್ತಿದ್ದ ಹೆಣ್ಣುಮಗಳು. ‘ನಮ್ಮ ತೀರಿಹೋದ ಗೌರವಾನ್ವಿತ ತಂದೆ’ ಎಂದು ತಂದೆಯ ಹೆಸರನ್ನು ಊರಿನ ಸಮೇತ ಬರೆದಿತ್ತು. ಸೂಚಿಯಲ್ಲಿ ಈ ಪತ್ರ ಮೊದಲ ತಮ್ಮನ ಹೆಸರಿನಲ್ಲಿ ಮಾತ್ರ ಇದ್ದುದರಿಂದ ಹಳೆಯ ದಾರಿಯಲ್ಲಿ ನಾನು ಎಂದೂ ಇದನ್ನು ಮುಟ್ಟುತ್ತಿರಲಿಲ್ಲ. ಸೊಸೆಗೆ ಫೋನ್ ಮಾಡಿ ಆ ಸಾಲನ್ನು ಓದಿ ಹೇಳಿದಾಗ ಅವಳು ಬಹಳ ಹೊತ್ತು ಮಾತಾಡಲಿಲ್ಲ.

ವರ್ಷದಿಂದ ಸೋಸುವವರು ಗಮನಿಸಬೇಕಾದ ಒಂದು ಸಂಗತಿಯೂ ಈ ಪತ್ರದಿಂದಲೇ ನನಗೆ ಮನದಟ್ಟಾಯಿತು. ಪತ್ರ ಬರೆದದ್ದು 1734ರಲ್ಲಿ, ನೋಂದಾಯಿಸಿದ್ದು 1751ರಲ್ಲಿ. ಮನೆಯೊಳಗಿನ ವ್ಯವಹಾರಗಳನ್ನು ಹೀಗೆ ಹದಿನೈದು ಇಪ್ಪತ್ತು ವರ್ಷ ಪೆಟ್ಟಿಗೆಯಲ್ಲಿಟ್ಟು, ಜಮೀನನ್ನು ಹೊರಗಿನವರಿಗೆ ಮಾರುವ ಸಂದರ್ಭ ಬಂದಾಗ ನೋಂದಾಯಿಸುವುದು ಆ ಕಾಲದಲ್ಲಿ ಅಪರೂಪವಾಗಿರಲಿಲ್ಲ. ಸಂಪುಟದ ಮೇಲಿನ ವರ್ಷ ನೋಂದಣಿಯದು. ಆದ್ದರಿಂದ ವ್ಯಕ್ತಿ ತೀರಿಹೋಗಿ ಇಪ್ಪತ್ತು ವರ್ಷವಾದ ನಂತರದ ಸಂಪುಟಗಳನ್ನೂ ಬಿಡಬಾರದು.

ಯಂತ್ರದ ಓದನ್ನು ಎಷ್ಟು ನಂಬಬೇಕು ಎಂಬುದು ಬೇರೆಯೇ ವಿಷಯ. 18ನೆಯ ಶತಮಾನದ ಬರಹದಲ್ಲಿ ಪದದ ನಡುವಿನ ‘ಎಸ್’ ಅಕ್ಷರವನ್ನು ಉದ್ದವಾಗಿ ಎಳೆದು ‘ಎಫ್’ನಂತೆ ಬರೆಯುತ್ತಿದ್ದರು, ಹೀಗಾಗಿ ಜೆಸ್ಸಿ ಎಂಬ ಹೆಸರನ್ನು ಜೆಫ್ಫಿ ಎಂದು ಓದುವ ಅಪಾಯ ಯಂತ್ರಕ್ಕೂ ಇದೆ, ಮನುಷ್ಯನಿಗೂ ಇದೆ. ಇದಲ್ಲದೆ ಬರೆದವರ ಕಾಗುಣಿತವೇ ಸ್ಥಿರವಾಗಿರಲಿಲ್ಲ. ಕಿವಿಗೆ ಕೇಳಿದಂತೆ ಬರೆಯುವುದೇ ಆ ಕಾಲದ ನಿಯಮ. ಮೈಸೂರಿನವನಾದ ನನಗೆ ಇದರ ಒಂದು ಉದಾಹರಣೆ ವಿಶೇಷವಾಗಿ ಪ್ರಿಯವಾದದ್ದು. ಬ್ರಿಟಿಷರ ವಿರುದ್ಧ ಹೋರಾಡುತ್ತಿದ್ದ ಅಮೆರಿಕನ್ನರು ಅದೇ ಬ್ರಿಟಿಷರನ್ನು ಎದುರಿಸುತ್ತಿದ್ದ ನಮ್ಮ ಹೈದರ್ ಅಲಿಯ ಹೆಸರನ್ನು ಪೆನ್ಸಿಲ್ವೇನಿಯಾದ ಒಂದು ಯುದ್ಧನೌಕೆಗೆ ಇಟ್ಟಿದ್ದರು; 1782ರ ಏಪ್ರಿಲ್‌ನಲ್ಲಿ ಜಾಶುವಾ ಬಾರ್ನಿ ಎಂಬ ನಾಯಕನ ಕೈಕೆಳಗೆ ಆ ನೌಕೆ ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷರ ‘ಜನರಲ್ ಮಂಕ್’ ನೌಕೆಯನ್ನು ಸೆರೆಹಿಡಿಯಿತು. ಅಲ್ಲಿ ‘ಅಲಿ’ ಎಂಬುದನ್ನು ಎರಡು ‘ಎಲ್’ ಮತ್ತು ಕೊನೆಗೊಂದು ‘ವೈ’ ಹಾಕಿ ಬರೆಯುತ್ತಿದ್ದರು. ಇಂದು ನಾವು ಬರೆಯುವ ಕಾಗುಣಿತದಲ್ಲಿ ಹುಡುಕಿದರೆ ಆ ನೌಕೆ ಸಿಗುವುದು ಕಷ್ಟ. ಮನೆತನದ ಹೆಸರುಗಳಿಗೂ ಇದೇ ಎಚ್ಚರ ಬೇಕು. ಹುಡುಕಾಟದ ಫಲಿತಾಂಶದಲ್ಲಿ ಯಂತ್ರದ ಲಿಪ್ಯಂತರ ಮತ್ತು ಮೂಲ ಚಿತ್ರ ಒಟ್ಟಿಗೆ ಕಾಣಿಸುವುದು ಈ ತಾಣದ ಒಳ್ಳೆಯ ಗುಣ. ಲಿಪ್ಯಂತರವನ್ನು ಬಾಗಿಲೆಂದು ತಿಳಿದು, ಓದುವುದನ್ನು ಮಾತ್ರ ಚಿತ್ರದಿಂದಲೇ ಓದಬೇಕು.

ಓದಲು ಬಂದ ಮಾತ್ರಕ್ಕೆ ಅರ್ಥವಾಯಿತೆಂದಲ್ಲ. 1752ರವರೆಗೆ ಇಂಗ್ಲಿಷ್ ವಸಾಹತುಗಳಲ್ಲಿ ಹೊಸ ವರ್ಷ ಆರಂಭವಾಗುತ್ತಿದ್ದದ್ದು ಮಾರ್ಚ್ 25ರಂದು. 1719ರ ಏಪ್ರಿಲ್‌ನಲ್ಲಿ ಮದುವೆಯಾದ ದಂಪತಿಗೆ 1719ರ ಫೆಬ್ರವರಿಯಲ್ಲಿ ಮಗು ಹುಟ್ಟಿತೆಂದು ಬರೆದಿದ್ದರೆ ಅದು ಮದುವೆಗೆ ಮುಂಚೆ ಅಲ್ಲ, ಹತ್ತು ತಿಂಗಳ ನಂತರ. ಎಚ್ಚರವುಳ್ಳ ಗುಮಾಸ್ತರು ಜನವರಿಯಿಂದ ಮಾರ್ಚ್ 24ರವರೆಗಿನ ದಿನಗಳಿಗೆ 1733/4 ಎಂದು ಎರಡು ವರ್ಷಗಳನ್ನೂ ಬರೆಯುತ್ತಿದ್ದರು. ನನ್ನ ಪತ್ರದಲ್ಲಿ ಇದ್ದುದೂ ಹೀಗೆಯೇ. ತಿಂಗಳುಗಳನ್ನು ಸಂಖ್ಯೆಯಿಂದ ಬರೆದಿದ್ದರೆ ಮೊದಲ ತಿಂಗಳು ಮಾರ್ಚ್, ಹನ್ನೆರಡನೆಯದು ಫೆಬ್ರವರಿ. 1752ರ ಸೆಪ್ಟೆಂಬರ್ 2ರ ಮರುದಿನ ಸೆಪ್ಟೆಂಬರ್ 14 ಎಂದಾಯಿತು; ಮಧ್ಯದ 11 ದಿನಗಳು ಪಂಚಾಂಗದಲ್ಲೇ ಇಲ್ಲ. ನಂಟಿನ ಪದಗಳು ಇನ್ನೂ ಜಾರು. ‘ಕಸಿನ್’ ಎಂದರೆ ಆ ಕಾಲದಲ್ಲಿ ಸೋದರಳಿಯನೂ ಆಗಬಹುದು, ‘ಮದರ್ ಇನ್ ಲಾ’ ಎಂದರೆ ಮಲತಾಯಿಯೂ ಆಗಬಹುದು, ‘ಜೂನಿಯರ್’ ಎಂದರೆ ಅದೇ ಊರಿನಲ್ಲಿದ್ದ ಅದೇ ಹೆಸರಿನ ಕಿರಿಯವನು ಅಷ್ಟೇ, ಮಗನೇ ಆಗಬೇಕಿಲ್ಲ. ಒಂದೊಂದು ನಂಟಿಗೂ ಬೇರೆ ಬೇರೆ ಪದವಿರುವ ಕನ್ನಡದಲ್ಲಿ ವಂಶಾವಳಿ ಬರೆಯಲು ಕುಳಿತಾಗ ಈ ಅಸ್ಪಷ್ಟತೆ ನಮ್ಮನ್ನು ಸುಮ್ಮನೆ ಬಿಡುವುದಿಲ್ಲ. ಸೋದರಳಿಯನೋ, ಚಿಕ್ಕಪ್ಪನ ಮಗನೋ ಎಂದು ತೀರ್ಮಾನಿಸಿಯೇ ಬರೆಯಬೇಕಾಗುತ್ತದೆ. ತಾಣದಲ್ಲಿಯೇ ಇರುವ ವಿಕಿ ಪುಟಗಳು ಇಂಥ ವಿಷಯಗಳಿಗೆ ಬಹಳ ನೆರವಾಗುತ್ತವೆ. ಒಂದೊಂದು ಕೌಂಟಿಗೂ ಪುಟವಿದ್ದು, ಕೌಂಟಿ ಹುಟ್ಟಿದ್ದು ಯಾವಾಗ, ಯಾವುದರಿಂದ ಒಡೆದು ಬಂತು, ಯಾವ ದಾಖಲೆ ಯಾವ ವರ್ಷದಿಂದ ಉಳಿದಿದೆ ಎಂಬುದನ್ನು ಹೇಳುತ್ತವೆ. ಎಸೆಕ್ಸ್ ಕೌಂಟಿ 1643ರಲ್ಲಿ ರಚನೆಯಾದದ್ದು. ಅದರ ಉತ್ತರದ ಕೆಲವು ಊರುಗಳು 1680ರವರೆಗೆ ಹಳೆಯ ನಾರ್ಫೋಕ್ ಎಂಬ ಬೇರೆ ಕೌಂಟಿಯಲ್ಲಿದ್ದವು. ಇದು ಗೊತ್ತಿಲ್ಲದೆ ಹುಡುಕಿದರೆ ತಪ್ಪು ದಫ್ತರದಲ್ಲಿ ದಿನ ಕಳೆಯಬೇಕಾಗುತ್ತದೆ.

ಇನ್ನು ವಂಶವೃಕ್ಷದ ವಿಷಯ. ಫ್ಯಾಮಿಲಿಸರ್ಚ್‌ನ ವೃಕ್ಷ ಇಡೀ ಜಗತ್ತಿಗೆ ಒಂದೇ. ಗತಿಸಿದ ವ್ಯಕ್ತಿಯ ಪುಟವನ್ನು ಖಾತೆಯುಳ್ಳ ಯಾರು ಬೇಕಾದರೂ ತಿದ್ದಬಹುದು. ಬದುಕಿರುವವರ ಪುಟ ಇತರರಿಗೆ ಕಾಣುವುದಿಲ್ಲ. ಈ ಏರ್ಪಾಟಿನ ಹಿಂದಿನ ಉದ್ದೇಶ ದೊಡ್ಡದು, ಆದರೆ 1700ಕ್ಕಿಂತ ಹಿಂದಿನ ನ್ಯೂ ಇಂಗ್ಲೆಂಡಿನ ಜನ ಇಂದು ಅಸಂಖ್ಯ ಮಂದಿಗೆ ಪೂರ್ವಜರಾದ್ದರಿಂದ, ಆ ಪುಟಗಳ ಮೇಲೆ ಹಲವು ಕೈಗಳು ಓಡಾಡುವುದು ಸಹಜ. ಒಂದು ಸಂಬಂಧದ ಕೆಳಗೆ ಆಧಾರವಾಗಿ ಮೂಲ ದಾಖಲೆಯ ಚಿತ್ರ ಜೋಡಿಸಿದ್ದರೆ ಅದನ್ನು ತೆರೆದು ಓದಬೇಕು. ಇನ್ನೊಂದು ವೃಕ್ಷವನ್ನೇ ಆಧಾರವಾಗಿ ಕೊಟ್ಟಿದ್ದರೆ ಅದಕ್ಕೆ ಬೆಲೆ ಕೊಡಬಾರದು. ನಾನು ಇದನ್ನು ಕಠಿಣವಾಗಿ ಹೇಳುವುದಕ್ಕೆ ಕಾರಣವಿದೆ. ಈ ಕೆಲಸಕ್ಕೆ ಇಳಿಯುವ ಮುನ್ನ ಒಂದು ಖಾಸಗಿ ಸಂಸ್ಥೆಗೆ ಹಣ ಕೊಟ್ಟು ವಂಶಾವಳಿ ಮಾಡಿಸಿದ್ದೆವು. ಸುಂದರವಾಗಿ ಮುದ್ರಿಸಿದ ಆ ಪಟದಲ್ಲಿ ಇದೇ ಹೆಣ್ಣುಮಗಳಿಗೆ ಒಂದು ಹೆಸರಾಂತ ಮನೆತನದ ತಂದೆಯನ್ನು ಕೊಟ್ಟಿದ್ದರು, ಆಧಾರ ಕೇಳಿದಾಗ ಉತ್ತರ ಬರಲಿಲ್ಲ. ಆ ಮನೆತನದ ಅದೇ ಹೆಸರಿನ ಮಗಳು ಎಳೆಯ ವಯಸ್ಸಿನಲ್ಲೇ ತೀರಿಕೊಂಡದ್ದು ಊರ ಪುಸ್ತಕದಲ್ಲಿ ಸ್ಪಷ್ಟವಾಗಿದೆ. ಸ್ವೀಡನ್ನಿನಿಂದ ಬಂದ ಗುಸ್ತಾವ್ ಆಂಜೂ ಎಂಬಾತ 20ನೆಯ ಶತಮಾನದ ಮೊದಲ ದಶಕಗಳಲ್ಲಿ ಸಿರಿವಂತ ಅಮೆರಿಕನ್ ಕುಟುಂಬಗಳಿಗೆ ಕಟ್ಟುಕತೆಯ ವಂಶಾವಳಿಗಳನ್ನು ಮಾಡಿ ಮಾರಿದ. ಆತನ ಹೆಣಿಗೆಗಳು ಇಂದಿಗೂ ಅಲ್ಲಲ್ಲಿ ನುಸುಳುತ್ತವೆ. ಬೇರೊಬ್ಬರ ತಾಯಿತಂದೆಯರನ್ನು ಮೊಮ್ಮಗಳ ಹೆಸರಿನ ಮೇಲೆ ಬರೆಯುವುದು ನನಗೆ ಸಣ್ಣ ತಪ್ಪಾಗಿ ಕಾಣುವುದಿಲ್ಲ.

ಉಯಿಲು ಮತ್ತು ಆಸ್ತಿಪಟ್ಟಿಗಳ ಬಗ್ಗೆ ಬರೆಯುವಾಗ ಮನಸ್ಸು ಭಾರವಾಗುತ್ತದೆ. ಒಬ್ಬ ರೈತ ತೀರಿಕೊಂಡಾಗ ನೆರೆಯವರು ಬಂದು ಹಾಸಿಗೆ, ತವರದ ತಟ್ಟೆ, ನೇಗಿಲು, ಹಸು ಎಂದು ಒಂದೊಂದಕ್ಕೂ ಬೆಲೆ ಕಟ್ಟಿ ಬರೆಯುತ್ತಿದ್ದರು. ಅಂಥ ಪಟ್ಟಿಗಳಲ್ಲಿ ಎತ್ತಿನ ಸಾಲಿನ ಮೇಲೋ ಕೆಳಗೋ ಮೊದಲ ಹೆಸರೊಂದನ್ನೇ ಹೊತ್ತ ಗುಲಾಮ ಮನುಷ್ಯರು ಬೆಲೆಯೊಂದಿಗೆ ಸಿಗುತ್ತಾರೆ. ಇದು ದಕ್ಷಿಣಕ್ಕೆ ಮಾತ್ರ ಸೀಮಿತವಾಗಿರಲಿಲ್ಲ. ಮಸಾಚುಸೆಟ್ಸ್‌ನಲ್ಲಿ 1641ರ ಕಾನೂನು ಗುಲಾಮಗಿರಿಗೆ ಎಡೆ ಕೊಟ್ಟಿತ್ತು, 1780ರ ದಶಕದ ಆರಂಭದಲ್ಲಿ ನ್ಯಾಯಾಲಯದ ತೀರ್ಪುಗಳು ಅದನ್ನು ಅಡಗಿಸಿದವು. ಈ ಜನರ ಹೆಸರು ಯಾವ ಸೂಚಿಯಲ್ಲೂ ಇರಲಿಲ್ಲ, ಏಕೆಂದರೆ ಸೂಚಿ ಆಸ್ತಿಯ ಒಡೆಯನದು. ಪೂರ್ಣಪಠ್ಯ ಹುಡುಕಾಟ ಬಂದ ಮೇಲೆ ಅವರ ಸಂತತಿಯವರಿಗೆ ಮೊದಲ ಬಾರಿಗೆ ಆ ಸಾಲುಗಳನ್ನು ನೇರವಾಗಿ ತಲಪುವ ದಾರಿ ಆಗಿದೆ, ಅದಕ್ಕಾಗಿ ಅಂದಿನ ಗುಮಾಸ್ತರ ಅವಮಾನಕರ ಪದಗಳನ್ನೇ ಟೈಪ್ ಮಾಡಬೇಕಾದರೂ ಸಹ. ಈ ಒಂದು ಕಾರಣಕ್ಕೇ ಈ ಸೌಲಭ್ಯವನ್ನು ನಾನು ಬಹಳ ದೊಡ್ಡದೆಂದು ಎಣಿಸುತ್ತೇನೆ. ಅಮೆರಿಕದಲ್ಲಿ ಭಾರತದವರ ಹಳೆಯ ಹೆಜ್ಜೆಗುರುತೊಂದೂ ಇಂಥದೇ ಪಟ್ಟಿಯಲ್ಲಿದೆ. ವರ್ಜೀನಿಯಾದಲ್ಲಿ ಒಬ್ಬ ಕೆಲಸಗಾರನನ್ನು ಕರೆತಂದರೆ 50 ಎಕರೆ ಜಮೀನು ಸಿಗುತ್ತಿತ್ತು. 1635ರಲ್ಲಿ ಜಾರ್ಜ್ ಮೆನಿಫೀ ಎಂಬ ವರ್ತಕ ತಾನು ಕರೆತಂದವರ ಪಟ್ಟಿಯಲ್ಲಿ ‘ಟೋನಿ, ಈಸ್ಟ್ ಇಂಡಿಯನ್’ ಎಂದು ಒಂದು ಹೆಸರು ಬರೆಸಿದ್ದಾನೆ. ಆ ಮನುಷ್ಯನ ತಾಯಿ ಇಟ್ಟ ಹೆಸರು ಟೋನಿ ಆಗಿರಲಾರದು.

ಮಿತಿಗಳನ್ನೂ ಹೇಳಬೇಕು. ಎಲ್ಲ ಚಿತ್ರಗಳೂ ಮನೆಯಲ್ಲಿ ಕುಳಿತು ತೆರೆಯುವಂಥವಲ್ಲ. ದಾಖಲೆಯ ಒಡೆತನವುಳ್ಳ ಕಚೇರಿಗಳೊಂದಿಗಿನ ಒಪ್ಪಂದದಂತೆ ಕೆಲವಕ್ಕೆ ಕ್ಯಾಮೆರಾದ ಮೇಲೆ ಬೀಗದ ಕೈಯ ಚಿಹ್ನೆ ಇರುತ್ತದೆ. ಅವುಗಳನ್ನು ಫ್ಯಾಮಿಲಿಸರ್ಚ್ ಕೇಂದ್ರಕ್ಕೋ ಸಹಯೋಗಿ ಗ್ರಂಥಾಲಯಕ್ಕೋ ಹೋಗಿ ನೋಡಬೇಕು. ಇದಕ್ಕಿಂತ ಮುಖ್ಯವಾದ ಮಿತಿ ದಾಖಲೆಯ ಸ್ವರೂಪದಲ್ಲಿಯೇ ಇದೆ. ಕ್ರಯಪತ್ರದ ಸಂಪುಟದಲ್ಲಿರುವುದು ಗುಮಾಸ್ತ ಮಾಡಿದ ನಕಲು. ಮೂಲವನ್ನು ನೋಂದಣಿಯ ನಂತರ ಕೊಂಡವನಿಗೆ ಹಿಂತಿರುಗಿಸುತ್ತಿದ್ದರು. ಆದ್ದರಿಂದ ಅಲ್ಲಿ ಕಾಣುವ ರುಜು ಆ ವ್ಯಕ್ತಿಯ ಕೈಬರಹ ಎಂದು ಭಾವಿಸಬಾರದು. ಕೈಬರಹವನ್ನೇ ನೋಡಬೇಕೆಂದರೆ ಉಯಿಲು ಕಚೇರಿಯ ಬಿಡಿಹಾಳೆಗಳ ಕಡತಕ್ಕೆ ಹೋಗಬೇಕು. ಎಸೆಕ್ಸ್ ಕೌಂಟಿಯ ಅಂಥ ಕಡತಗಳು, 1638ರಿಂದ 1881ರವರೆಗಿನವು, ಬಾಸ್ಟನ್ನಿನ ನ್ಯೂಬರಿ ಬೀದಿಯಲ್ಲಿರುವ ಅಮೆರಿಕನ್ ಆನ್ಸೆಸ್ಟರ್ಸ್ ಸಂಸ್ಥೆಯ ತಾಣದಲ್ಲಿವೆ. 1845ರಲ್ಲಿ ಸ್ಥಾಪನೆಯಾದ ಆ ಸಂಸ್ಥೆ ಅಮೆರಿಕದಲ್ಲಿ ಈ ಬಗೆಯ ಸಂಸ್ಥೆಗಳಲ್ಲೆಲ್ಲ ಹಳೆಯದು. ಪೂರ್ಣ ಬಳಕೆಗೆ ಸದಸ್ಯತ್ವದ ಹಣ ಕೊಡಬೇಕು. 1620ರಿಂದ 1640ರ ನಡುವೆ ವಲಸೆ ಬಂದ ಕುಟುಂಬಗಳನ್ನು ಕುರಿತು ರಾಬರ್ಟ್ ಚಾರ್ಲ್ಸ್ ಆಂಡರ್ಸನ್ 1988ರಲ್ಲಿ ಅಲ್ಲಿ ಕೈಗೆತ್ತಿಕೊಂಡ ಅಧ್ಯಯನ, ಆ ಅವಧಿಯ ಬಗ್ಗೆ ಬೇರೆ ಯಾರ ಮಾತಿಗಿಂತಲೂ ಮೊದಲು ನೋಡಬೇಕಾದದ್ದು. ಫ್ಯಾಮಿಲಿಸರ್ಚ್ ಮತ್ತು ಈ ಸಂಸ್ಥೆಯ ತಾಣ ಎರಡನ್ನೂ ಕೂಡಿಸಿ ಬಳಸಿದರೆ ಕೆಲಸ ಗಟ್ಟಿಯಾಗುತ್ತದೆ. ಚರ್ಚಿನ ಕೈಬರಹದ ಪುಸ್ತಕಗಳಿಗೆ ಬಾಸ್ಟನ್ನಿನ ಕಾಂಗ್ರಿಗೇಷನಲ್ ಲೈಬ್ರರಿಯ ಉಚಿತ ಸಂಗ್ರಹವಿದೆ. ಸ್ವಾತಂತ್ರ್ಯ ಸಂಗ್ರಾಮದಲ್ಲಿ ಹೋರಾಡಿದವರ ಪಿಂಚಣಿ ಕಡತಗಳು ರಾಷ್ಟ್ರೀಯ ಪತ್ರಾಗಾರದವು; 1836ರ ಕಾನೂನಿನಂತೆ ಪಿಂಚಣಿ ಕೇಳಿದ ವಿಧವೆಯರು ಮದುವೆಯನ್ನು ಸಾಬೀತುಪಡಿಸಲು ಮನೆಯ ಬೈಬಲ್ಲಿನಿಂದ ಹರಿದು ಕಳುಹಿಸಿದ ಹಾಳೆಗಳು ಅವುಗಳಲ್ಲಿ ಹಾಗೆಯೇ ಉಳಿದಿವೆ.

ಬಳಸಲು ಹೊರಡುವವರಿಗೆ ಎರಡು ಮಾತು ಹೇಳುತ್ತೇನೆ. ಕೈಬರಹದ ಪುಟಗಳಿಗೆ ಮೊಬೈಲು ಸಾಲದು, ದೊಡ್ಡ ಪರದೆ ಬೇಕು. ಕಂಡ ಪ್ರತಿಯೊಂದು ಪುಟಕ್ಕೂ ಕೌಂಟಿ, ಸಂಪುಟ, ಪುಟಸಂಖ್ಯೆ ಮತ್ತು ಚಿತ್ರಗುಂಪಿನ ಸಂಖ್ಯೆಯನ್ನು ಅಂದೇ ಬರೆದುಕೊಳ್ಳಬೇಕು, ಇಲ್ಲದಿದ್ದರೆ ವಾರದ ನಂತರ ಅದೇ ಪುಟಕ್ಕೆ ಮರಳುವುದು ಕಷ್ಟ.

ಆ ಹೆಣ್ಣುಮಗಳ ತಂದೆ ಈಗ ನಮ್ಮ ವಂಶಾವಳಿಯಲ್ಲಿ ತನ್ನ ಜಾಗದಲ್ಲಿದ್ದಾನೆ, ಕೆಳಗೆ ಸಂಪುಟ ಮತ್ತು ಪುಟದ ಸಂಖ್ಯೆ ಸಹಿತ. ತಾಯಿಯ ಮೊದಲ ಹೆಸರು ಆತನ ಆಸ್ತಿಯ ಕಾಗದಗಳಲ್ಲಿ ಸಿಕ್ಕಿದೆ. ಆಕೆ ಯಾರ ಮಗಳೆಂಬುದು ಇನ್ನೂ ಸಿಕ್ಕಿಲ್ಲ. 17ನೆಯ ಶತಮಾನದ ಇಪ್ಸ್‌ವಿಚ್ ಕ್ರಯಪತ್ರಗಳು ಅದೇ ಎಸೆಕ್ಸ್ ಕೌಂಟಿಯ ಸೇಲಂ ಊರಿನ ನೋಂದಣಿ ಪುಸ್ತಕಗಳಿಂದ ಬೇರೆಯಾದ ಒಂದು ಸರಣಿಯಲ್ಲಿವೆ, ಅಕ್ಷರಗಳು ಇನ್ನೂ ಹಳೆಯ ಶೈಲಿಯವು. ಶನಿವಾರ ಬೆಳಿಗ್ಗೆ ಸೊಸೆ ಅಲ್ಲಿಂದ, ನಾನು ಇಲ್ಲಿಂದ, ಒಂದೇ ಪುಟವನ್ನು ಪರದೆಯ ಮೇಲೆ ತೆರೆದಿಟ್ಟುಕೊಂಡು ಸಾಲುಸಾಲಾಗಿ ಓದುತ್ತಿದ್ದೇವೆ. ಮೊದಲ ಸಂಪುಟದಲ್ಲಿ ನಲವತ್ತೊಂದನೆಯ ಪುಟ ಮುಗಿದಿದೆ.